ಬೀಗದ ಕೈ ಗೊಂಚಲಲ್ಲಿ ಫೋನಿನ ಕಾವಲು

ಕೊಣನೂರಿನಿಂದ ರಾಮನಾಥಪುರದ ಷಷ್ಠಿ ಜಾತ್ರೆಗೆ ಹೊರಟ ಬಸ್ಸಿನ ನೂಕುನುಗ್ಗಲಲ್ಲಿ ಜೇಬಿನ ಫೋನ್ ಜಾರಿದರೆ ತಿಳಿಯುವುದೇ ಇಲ್ಲ. ಅಂಥಲ್ಲಿ ಬ್ಲೂಟೂತ್ ಟ್ಯಾಗ್ ನೆರವಾಗುತ್ತದೆ.

ಈ ಪುಟ್ಟ ಬಿಲ್ಲೆಯನ್ನು ಬೀಗದ ಕೈ ಗೊಂಚಲಿಗೆ ಸಿಕ್ಕಿಸಿ ಫೋನಿಗೆ ಜೋಡಿಸಬೇಕು. ಫೋನ್ ಸುಮಾರು ಮೂವತ್ತು ಅಡಿ ದೂರವಾದರೆ ಸಂಪರ್ಕ ಕಡಿದು ಟ್ಯಾಗ್ ಕೂಗುತ್ತದೆ. ಎಲ್ಲ ಟ್ಯಾಗ್‌ಗಳೂ ಹೀಗೆ ಕೂಗುವುದಿಲ್ಲ. ಕೆಲವು ಕೀಲಿಯನ್ನಷ್ಟೇ ಹುಡುಕಿಕೊಡುತ್ತವೆ. ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷಿಸಿ ನೋಡಬೇಕು. ಫೋನ್, ಕೀಲಿ ಎರಡನ್ನೂ ಒಂದೇ ಬ್ಯಾಗಿನಲ್ಲಿಟ್ಟರಂತೂ ಪ್ರಯೋಜನವಿಲ್ಲ.

ಕದ್ದವರು ಫೋನ್ ಸ್ವಿಚ್ ಆಫ್ ಮಾಡಿಬಿಟ್ಟರೆ, ಅದು ಇರುವ ಜಾಗ ಟ್ಯಾಗಿಗೂ ತಿಳಿಯದು. ಆಗ ಪೊಲೀಸರಿಗೆ ದೂರು ಕೊಟ್ಟು, 2023ರ ಮೇ ತಿಂಗಳಲ್ಲಿ ದೇಶವ್ಯಾಪಿಯಾದ ಸರ್ಕಾರಿ ಜಾಲತಾಣ ಸಿಇಐಆರ್ ಮೂಲಕ ಫೋನನ್ನು ಬ್ಲಾಕ್ ಮಾಡಿಸಬಹುದು. ಅದಕ್ಕೆ ಫೋನಿನ ಗುರುತಾದ ಐಎಂಇಐ ಸಂಖ್ಯೆ ಬೇಕು. *#06# ಒತ್ತಿದರೆ ಕಾಣುವ ಆ 15 ಅಂಕಿಗಳನ್ನು ಇಂದೇ ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡುವುದು ಒಳ್ಳೆಯದು.