ಧ್ವನಿಮುದ್ರಣ ಕಾಯಕಕ್ಕೆ ತಕ್ಕ ಕುರ್ಚಿ



ಜಾನಪದ ಗೀತೆ, ಭಜನಾಪದಗಳನ್ನು ಮುದ್ರಿಸುವ ಸಣ್ಣ ಸ್ಟುಡಿಯೋಗಳು ಈಗ ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿಯೂ ಇವೆ. ಗಾಯಕರು ಹಾಡಿ ಹೊರಡುತ್ತಾರೆ. ಧ್ವನಿಮುದ್ರಕನು ಮಾತ್ರ ಕಂಪ್ಯೂಟರಿನ ಮುಂದೆ ಎಂಟು-ಹತ್ತು ತಾಸು ಕೂಡುತ್ತಾನೆ. ಅಂತಹ ಯುವಕನೊಬ್ಬನು ಕಟಿಶೂಲದಿಂದ ಬಳಲುತ್ತ ನನ್ನಲ್ಲಿಗೆ ಬಂದನು. ತೈಲ, ಕಷಾಯಗಳಿಂದ ಶಮನವಾದ ನೋವು ಎಂಟೇ ದಿನಗಳಲ್ಲಿ ಮರಳುತ್ತಿತ್ತು. ವಿಚಾರಿಸಲಾಗಿ, ಎತ್ತರದ ಮೇಜನ್ನು ನಿಲುಕಿಸಿಕೊಳ್ಳಲು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಕೂಡುತ್ತಿದ್ದನು. ಪಾದಗಳು ನೆಲಕ್ಕೆ ತಾಗುತ್ತಿರಲಿಲ್ಲ, ಬೆನ್ನಿಗೆ ಆಸರೆಯೂ ಇರಲಿಲ್ಲ. ನಿದಾನ ಪರಿವರ್ಜನ, ಅಂದರೆ ರೋಗಕಾರಣವನ್ನು ದೂರಮಾಡುವುದೇ ಆಯುರ್ವೇದದಲ್ಲಿ ಮೊದಲ ಚಿಕಿತ್ಸೆ. ಮೇಜು ತಗ್ಗಿಸಿ, ಕುರ್ಚಿ ಬದಲಿಸಿದ ಮೇಲೆಯೇ ಔಷಧ ಫಲಿಸಿತು.

ಕುರ್ಚಿಯನ್ನು ಆರಿಸುವಾಗ ಗಮನಿಸಬೇಕಾದವು ಇವು. ಕುಳಿತಾಗ ಪಾದಗಳು ನೆಲದ ಮೇಲೆ ಪೂರ್ಣ ಊರಬೇಕು. ಆಸನದ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ಎರಡು-ಮೂರು ಬೆರಳಿನ ಅಂತರವಿರಬೇಕು. ಇಲ್ಲವಾದರೆ ಕಾಲು ಜೋಮು ಹಿಡಿಯುತ್ತದೆ. ಬೆನ್ನಾಸರೆಯು ಸೊಂಟದ ಒಳಬಾಗಿಗೆ ಒತ್ತಾಗಿದ್ದು, ತುಸು ಹಿಂದಕ್ಕೆ ವಾಲಬೇಕು. ಕೈಯಾಸರೆಗಳು ಮೇಜಿನ ಕೆಳಗೆ ಸರಿಯುವಷ್ಟು ತಗ್ಗಿರಬೇಕು; ಹಾರ್ಮೋನಿಯಂ ನುಡಿಸುವವರಿಗೆ ಅವು ಇಲ್ಲದಿರುವುದೇ ಲೇಸು. ಮುದ್ರಣದ ವೇಳೆ ಫ್ಯಾನು ನಿಲ್ಲಿಸುವುದರಿಂದ, ನಮ್ಮ ಬೇಸಿಗೆಗೆ ರೆಕ್ಸಿನ್ ಹೊದಿಕೆಗಿಂತ ಗಾಳಿಯಾಡುವ ಬಟ್ಟೆ ಅಥವಾ ಜಾಳಿಗೆಯ ಬೆನ್ನು ಹಿತಕರ. ಕುರ್ಚಿ ಕಿರುಗುಟ್ಟಿದರೆ ಆ ಸದ್ದನ್ನೂ ಮೈಕು ಹಿಡಿಯುತ್ತದೆ; ಆದ್ದರಿಂದ ಅಂಗಡಿಯಲ್ಲಿಯೇ ಕಾಲುತಾಸು ಕುಳಿತು, ಹೊರಳಿ ನೋಡಿ ಕೊಳ್ಳಿರಿ. ಹಣದ ಅನುಕೂಲವಿಲ್ಲದವರು ಗಟ್ಟಿಯಾದ ಮರದ ಕುರ್ಚಿಗೆ ಸೊಂಟದ ಬಳಿ ಮಡಿಸಿದ ಕೌದಿಯನ್ನೂ, ಪಾದದಡಿ ಮಣೆಯನ್ನೂ ಇಟ್ಟುಕೊಳ್ಳಬಹುದು.

ಆದರೆ ಒಂದು ಮಾತು ಮರೆಯಬಾರದು. ಚರಕಸಂಹಿತೆಯು ಪ್ರಮೇಹದ ಕಾರಣಗಳನ್ನು ಹೇಳುವಾಗ ‘ಆಸ್ಯಾಸುಖ’ವನ್ನು, ಅಂದರೆ ಕುಳಿತೇ ಇರುವ ಸುಖವನ್ನು, ಮೊದಲಿಗೇ ಎಣಿಸಿದೆ. ಆದುದರಿಂದ ಎಷ್ಟೇ ಉತ್ತಮ ಕುರ್ಚಿಯಾದರೂ ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಹಾಡು ಮುಗಿಯಲೆಂದು ಮೂತ್ರವೇಗವನ್ನಾಗಲಿ ಬಾಯಾರಿಕೆಯನ್ನಾಗಲಿ ತಡೆಯಬಾರದು. ಕಾಲಿನಲ್ಲಿ ಮರಗಟ್ಟುವಿಕೆ, ಬಲಹೀನತೆ ಕಂಡರೆ ಬೇಗನೆ ವೈದ್ಯರಿಗೆ ತೋರಿಸಬೇಕು. ಮಲಮೂತ್ರಗಳ ಹಿಡಿತ ತಪ್ಪಿದರಂತೂ ಅದೇ ಕ್ಷಣ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು.

ಕೂಡಲು ಹಿತವಾಗಿರುವುದರ ಜೊತೆಗೆ ಏಳಲೂ ಸುಲಭವಾಗಿರುವ ಕುರ್ಚಿಯೇ ಒಳ್ಳೆಯ ಕುರ್ಚಿ.