ಹಿರಿಯರ ಕೂಟವೂ ಹಗೇವಿನ ವಿದ್ಯೆಯೂ

ರಾಗಿ ಬೆಳೆಯುವ ಗ್ರಾಮಗಳಲ್ಲಿ ಪೂರ್ವದಲ್ಲಿ ಸುಗ್ಗಿಯ ಕಣವೇ ಒಕ್ಕಲುಮಕ್ಕಳ ಪಾಠಶಾಲೆಯಾಗಿದ್ದಿತು. ರೋಣಗಲ್ಲು ಹೊಡೆಯುವುದು, ಗಾಳಿ ನೋಡಿ ತೂರುವುದು, ಬೀಜಕ್ಕೆ ತೆನೆಯನ್ನಾರಿಸುವುದು, ಹಗೇವು ತುಂಬುವುದು, ಇವೆಲ್ಲವನ್ನೂ ಕಿರಿಯರು ಹಿರಿಯರ ಮಗ್ಗುಲಲ್ಲಿ ನಿಂತು ಕೈಯಾರೆ ಮಾಡಿ ಕಲಿಯುತ್ತಿದ್ದರು. ಒಕ್ಕಣೆಯ ಯಂತ್ರಗಳು ಬಂದು, ಅನೇಕ ಕಡೆಗಳಲ್ಲಿ ಡಾಂಬರು ರಸ್ತೆಯೇ ಕಣವಾದ ಮೇಲೆ, ಈ ಕೂಟವು ತಾನಾಗಿಯೇ ಚದುರಿಹೋಗಿದೆ. ಆದಕಾರಣ ಅದನ್ನು ಪ್ರಯತ್ನಪೂರ್ವಕವಾಗಿ ಕೂಡಿಸುವ ಹೊಣೆಯು ಗ್ರಾಮಪ್ರಮುಖರ ಮತ್ತು ಹಿಡುವಳಿದಾರರ ಮೇಲೆ ಬಿದ್ದಿದೆ. ಇದರ ಅಗತ್ಯವೆಷ್ಟೆಂಬುದು ಹಗೇವಿನ ಒಂದು ದೃಷ್ಟಾಂತದಿಂದಲೇ ಸ್ಪಷ್ಟವಾಗುವುದು.

ಹಗೇವೆಂದರೆ ನೀರು ನಿಲ್ಲದ ಎತ್ತರದ ಗಟ್ಟಿನೆಲದಲ್ಲಿ ತೋಡಿದ, ಬಾಯಿ ಕಿರಿದಾಗಿ ಒಡಲು ಅಗಲವಾಗಿರುವ ಧಾನ್ಯದ ಕುಳಿ. ಒಳಗೆ ಹುಲ್ಲನ್ನು ಹಾಸಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿಯನ್ನಿಟ್ಟು ಮಣ್ಣಿನಿಂದ ಮುಚ್ಚುತ್ತಿದ್ದರು. ಹೀಗಿಟ್ಟ ರಾಗಿಯು ಅನೇಕ ವರ್ಷ ಕೆಡದೆ ಉಳಿದು ಬರಗಾಲದಲ್ಲಿ ಊರನ್ನು ಕಾಯುತ್ತಿದ್ದಿತು.

ಇದರ ಕಾರಣವು ಇಂದಿನ ಶಾಸ್ತ್ರಕ್ಕೆ ತಿಳಿದಿದೆ. ಮುಚ್ಚಿದ ಕುಳಿಯಲ್ಲಿ ಧಾನ್ಯವೂ ಅದರಲ್ಲಿರುವ ಕ್ರಿಮಿಗಳೂ ಉಸಿರಾಡುವುದರಿಂದ ಆಮ್ಲಜನಕವು ಕುಗ್ಗಿ, ಇಂಗಾಲಾಮ್ಲ ವಾಯುವು ಹೆಚ್ಚುತ್ತದೆ. ಆಗ ಹುಳುಗಳು ಬದುಕಲಾರವು. ಆದರೆ ಹುಳುವನ್ನು ಕೊಲ್ಲುವ ಆ ಗಾಳಿಯೇ ಮನುಷ್ಯನನ್ನೂ ಕೊಲ್ಲುವುದು. ಇಂಗಾಲಾಮ್ಲವು ಸಾಧಾರಣ ಗಾಳಿಗಿಂತ ಸುಮಾರು ಒಂದೂವರೆಪಟ್ಟು ಭಾರವುಳ್ಳದ್ದಾದುದರಿಂದ ಬಾಯಿ ತೆರೆದ ಮಾತ್ರಕ್ಕೆ ಹೊರಟುಹೋಗದೆ ತಳದಲ್ಲಿಯೇ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ಕಣ್ಣಿಗೆ ಕಾಣುವುದಿಲ್ಲ.

ಹಿರಿಯರು ಇದನ್ನರಿತೇ ಬಾಯಿಯನ್ನು ಬಹಳ ಹೊತ್ತು ತೆರೆದಿಟ್ಟು, ಹಗ್ಗದಲ್ಲಿ ದೀಪವನ್ನಿಳಿಸಿ ನೋಡುತ್ತಿದ್ದರು. ದೀಪವು ನಂದಿದರೆ ಯಾರೂ ಇಳಿಯುತ್ತಿರಲಿಲ್ಲ. ಹಗೇವು ತುಂಬುವುದು ವಿದ್ಯೆಯ ಒಂದರ್ಧ, ತೆರೆಯುವುದು ಇನ್ನೊಂದರ್ಧ. ಮೊದಲರ್ಧವನ್ನು ಮಾತ್ರ ಕೇಳಿ ತಿಳಿದವನು ಎರಡನೆಯದನ್ನರಿಯದೆ ಪ್ರಾಣವನ್ನೇ ಕಳೆದುಕೊಳ್ಳಬಹುದು. 2023ನೆಯ ಇಸವಿಯು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಲ್ಪಟ್ಟಿತು. ರಾಗಿಯೊಡನೆ ಹಳೆಯ ಹಗೇವನ್ನೂ ತೆರೆದು ನೋಡಬೇಕೆಂಬ ಕುತೂಹಲವು ತರುಣರಲ್ಲಿ ಹುಟ್ಟಿದರೆ ಈ ಎಚ್ಚರವು ಅವರಿಗೆ ಮೊದಲು ತಲುಪಬೇಕು.

ಕೂಟವನ್ನು ನಡೆಸುವ ಕ್ರಮವು ಹೀಗಿರಬಹುದು:

1. ಕೆಲಸದ ಕಾಲಕ್ಕೆ ಸರಿಯಾಗಿ ಕೂಡತಕ್ಕದ್ದು. ಕಣದ ವಿಷಯಕ್ಕೆ ಡಿಸೆಂಬರ್, ಜನವರಿ ತಿಂಗಳುಗಳೂ, ಬಿತ್ತನೆ ಮತ್ತು ಅಕ್ಕಡಿ ಸಾಲಿನ ವಿಷಯಕ್ಕೆ ಮೇ ಕೊನೆಯ ರೋಹಿಣಿ ಮಳೆಯ ಸಮಯವೂ ಯುಕ್ತವಾದುವು.

2. ಹಿರಿಯರು ಹೇಳಿದುದನ್ನು ಕಿರಿಯರು ಅಲ್ಲಿಯೇ ಮಾಡಿ ತೋರಿಸಬೇಕು. ರಾಗಿ ಒಣಗಿತೇ ಎಂಬುದನ್ನು ಹಿರಿಯರು ಹಲ್ಲಿನಿಂದ ಕಡಿದು ಹೇಳಿದರೆ, ತೇವಮಾಪಕದಿಂದಲೂ ನೋಡತಕ್ಕದ್ದು. ನೂರಕ್ಕೆ 12 ಭಾಗಕ್ಕಿಂತ ಹೆಚ್ಚು ತೇವವಿರಬಾರದು.

3. ಪ್ರತಿಯೊಂದು ಕಸಬಿನಲ್ಲಿಯೂ “ಹೇಗೆ ಮಾಡಬೇಕು” ಎಂಬುದರೊಡನೆ “ಎಲ್ಲಿ ಕೇಡಿದೆ” ಎಂಬುದನ್ನೂ ಕೇಳಿ ಬರೆದಿಡಬೇಕು. ಧಾನ್ಯ ಕೇರುವ, ಬೀಜ ಕಾಯ್ದಿಡುವ ಕೆಲಸಗಳಲ್ಲಿ ಪಳಗಿದ ಹೆಂಗಸರನ್ನು ಅವಶ್ಯವಾಗಿ ಕರೆಯಬೇಕು.

4. ಹಳೆಯ ಮಾತಿಗೆ ಹೊಸ ತಿಳಿವಳಿಕೆಯನ್ನು ಸೇರಿಸಬೇಕು. ದೀಪವು ಉರಿಯುತ್ತಿದ್ದರೂ ಇಂಗಾಲಾಮ್ಲವು ಅಪಾಯದ ಮಟ್ಟದಲ್ಲಿರಬಹುದು. ಆದುದರಿಂದ ದೀಪವೊಂದನ್ನೇ ನಂಬಿ ಹಗೇವಿಗೆ ಇಳಿಯಕೂಡದು. ಒಳಗೆ ಬಿದ್ದವನನ್ನು ಎತ್ತಲು ಇನ್ನೊಬ್ಬನು ಹಾಗೆಯೇ ಇಳಿದರೆ ಇಬ್ಬರಿಗೂ ಕೇಡು. ಕೂಡಲೇ ಅಗ್ನಿಶಾಮಕ ದಳವನ್ನು ಕರೆಯಬೇಕು.

ಪಾಳುಬಿದ್ದ ಹಗೇವುಗಳು ತಮ್ಮ ಊರಿನಲ್ಲಿ ಎಲ್ಲೆಲ್ಲಿವೆಯೆಂಬುದನ್ನು ಬಲ್ಲವರು ಬಹುಮಟ್ಟಿಗೆ ವೃದ್ಧರೇ. ಮುಂದಿನ ಸುಗ್ಗಿಯೊಳಗಾಗಿ ಅವರನ್ನು ಕರೆದೊಯ್ದು ಆ ಸ್ಥಳಗಳನ್ನು ಗುರುತುಮಾಡಿಸಿ, ಬಾಯಿಗಳನ್ನು ಭದ್ರಪಡಿಸುವುದೇ ಮೊದಲನೆಯ ಕೂಟದ ಕಾರ್ಯವಾಗಲಿ.