ಕಂಚಿನ ಕಿರುಮೂರ್ತಿ ಮತ್ತು ಅದು ದೊರೆತ ನೆಲೆ

ಗೇಣುದ್ದದ ಕಂಚಿನ ದೇವತಾಮೂರ್ತಿಯೊಂದು ಇತಿಹಾಸಕ್ಕೆ ಆಧಾರವಾಗುವುದು ಹೇಗೆ? ಅದರ ಲೋಹ, ಭಂಗಿ ಮತ್ತು ಲಾಂಛನಗಳು ಕೆಲಮಟ್ಟಿಗೆ ಉತ್ತರ ನೀಡುತ್ತವೆ. ಉಳಿದ ಉತ್ತರವು ಅದು ಯಾವ ನೆಲದಲ್ಲಿ, ಯಾವ ವಸ್ತುಗಳ ಜೊತೆಯಲ್ಲಿ ದೊರೆಯಿತು ಎಂಬುದನ್ನು ಅವಲಂಬಿಸಿರುತ್ತದೆ. ಪ್ರಾಚೀನ ಈಜಿಪ್ಟಿನ ಕಿರುಮೂರ್ತಿಗಳನ್ನೂ ನಮ್ಮ ನಾಡಿನ ಶೋಧಗಳನ್ನೂ ಜೊತೆಗಿಟ್ಟು ನೋಡಿದಾಗ ಈ ಮಾತು ಸ್ಪಷ್ಟವಾಗುತ್ತದೆ.

ಈಜಿಪ್ಟಿನ ಹರಕೆಯ ಮೂರ್ತಿಗಳು

ಈಜಿಪ್ಟಿನಲ್ಲಿ ಕಂಚಿನ ದೇವತಾಮೂರ್ತಿಗಳು ಹೇರಳವಾಗಿ ತಯಾರಾದದ್ದು ಕ್ರಿ.ಪೂ. 664ರ ನಂತರದ ಶತಮಾನಗಳಲ್ಲಿ. ಪರಲೋಕದ ಅಧಿಪತಿಯಾದ ಒಸಿರಿಸ್, ಮಾತೃದೇವತೆ ಐಸಿಸ್, ಬೆಕ್ಕಿನ ರೂಪದ ಬಾಸ್ಟೆಟ್ ಮೊದಲಾದ ದೇವತೆಗಳ ಮೂರ್ತಿಗಳನ್ನು ಭಕ್ತರು ದೇವಾಲಯಗಳಿಗೆ ಹರಕೆಯಾಗಿ ಒಪ್ಪಿಸುತ್ತಿದ್ದರು. ಕೆಲವು ಮೂರ್ತಿಗಳ ಪೀಠದ ಮೇಲೆ ಅರ್ಪಿಸಿದವರ ಹೆಸರೂ ಆಯುಷ್ಯವನ್ನು ಬೇಡುವ ಪ್ರಾರ್ಥನೆಯೂ ಕೆತ್ತಲ್ಪಟ್ಟಿವೆ. ಹರಕೆಯ ಮೂರ್ತಿಗಳು ಹೆಚ್ಚಾದಾಗ ಅವುಗಳನ್ನು ಎಸೆಯದೆ ಪವಿತ್ರ ಆವರಣದಲ್ಲಿಯೇ ಹೂಳುವ ಪದ್ಧತಿಯಿತ್ತು. ಕೈರೋ ನಗರದ ಸಮೀಪದ ಸಕ್ಕಾರಾದಲ್ಲಿ ಸುಮಾರು 150 ಕಂಚಿನ ಮೂರ್ತಿಗಳು ದೊರೆತುದಾಗಿ 2022ರ ಮೇ ತಿಂಗಳಿನಲ್ಲಿ ಅಲ್ಲಿನ ಸರ್ಕಾರವು ಪ್ರಕಟಿಸಿತು.

ಎರಕದ ವಿಧಾನ

ಇಂತಹ ಮೂರ್ತಿಗಳನ್ನು ಮೊದಲು ಜೇನುಮೇಣದಲ್ಲಿ ರೂಪಿಸಿ, ಮೇಲೆ ಜೇಡಿಮಣ್ಣನ್ನು ಮೆತ್ತಿ ಕಾಯಿಸಲಾಗುತ್ತಿತ್ತು. ಮೇಣವು ಕರಗಿ ಹೊರಬಂದ ಮೇಲೆ ಉಳಿದ ಟೊಳ್ಳಿನೊಳಗೆ ಕರಗಿದ ಲೋಹವನ್ನು ಎರೆಯಲಾಗುತ್ತಿತ್ತು. ನಮ್ಮಲ್ಲಿ ಇದಕ್ಕೆ ಮಧೂಚ್ಛಿಷ್ಟ ವಿಧಾನವೆಂದು ಹೆಸರು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡಿದ್ದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಈ ಕ್ರಮದ ವಿವರವಿದೆ. ಮೇಣವನ್ನು ಮೊದಲೇ ತೂಗಿ, ತಾಮ್ರ, ಬೆಳ್ಳಿ ಅಥವಾ ಚಿನ್ನವು ಅದರ ಎಷ್ಟು ಪಟ್ಟು ಬೇಕೆಂಬ ಲೆಕ್ಕವನ್ನೂ ಅದು ಹೇಳುತ್ತದೆ. ಹಲವು ದೇಶಗಳಲ್ಲಿ ಇದೇ ವಿಧಾನವು ಬಳಕೆಯಲ್ಲಿದ್ದುದರಿಂದ, ಎರಕದ ರೀತಿಯೊಂದರಿಂದಲೇ ಮೂರ್ತಿಯ ತವರನ್ನು ಗುರುತಿಸಲಾಗದು.

ಸಾಗರ ದಾಟಿ ಬಂದ ದೇವತೆಗಳು

ತಯಾರಾದ ಊರಿನಲ್ಲಿಯೇ ಮೂರ್ತಿಯು ಉಳಿಯುತ್ತದೆಂಬ ನಿಯಮವೂ ಇಲ್ಲ. ಇಂದು ಪಾಕಿಸ್ತಾನಕ್ಕೆ ಸೇರಿರುವ ತಕ್ಷಶಿಲೆಯ ಸಿರ್ಕಾಪ್ ನೆಲೆಯಲ್ಲಿ ಸರ್ ಜಾನ್ ಮಾರ್ಷಲ್ ಅವರ ಉತ್ಖನನದಿಂದ ಹಾರ್ಪೋಕ್ರಟಿಸ್ ಎಂಬ ಈಜಿಪ್ಟಿನ ಬಾಲದೇವತೆಯ ಕಂಚಿನ ಮೂರ್ತಿಯು ಬೆಳಕಿಗೆ ಬಂದಿತು. ತಲೆಯ ಮೇಲೆ ಈಜಿಪ್ಟಿನ ಜೋಡಿ ಕಿರೀಟ, ತುಟಿಯ ಬಳಿ ಬೆರಳು—ಇವು ಅದರ ಗುರುತುಗಳು.

ಕರ್ನಾಟಕದ ಗಡಿಗೆ ಹೊಂದಿಕೊಂಡ ಕೊಲ್ಹಾಪುರದ ನಿದರ್ಶನವು ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಅಲ್ಲಿನ ಬ್ರಹ್ಮಪುರಿ ದಿಬ್ಬದಲ್ಲಿ 1944-45ರ ಸುಮಾರಿಗೆ ಗ್ರೀಕರ ಸಮುದ್ರದೇವತೆ ಪೊಸೈಡನ್‌ನ ಕಂಚಿನ ಕಿರುಮೂರ್ತಿಯು ಇತರ ಕಂಚಿನ ವಸ್ತುಗಳೊಡನೆ ದೊರೆಯಿತು. ಈ ಶೋಧಕಾರ್ಯದಲ್ಲಿ ತೊಡಗಿದ್ದ ಕೆ. ಜಿ. ಕುಂದಣಗಾರ ಅವರು 1961ರ ಗದಗ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ವಿದ್ವಾಂಸರು. ಇದೇ ಮೂರ್ತಿಯು ಯಾವುದೋ ಅಂಗಡಿಯಲ್ಲಿ ಕಾಣಿಸಿಕೊಂಡಿದ್ದರೆ ಅದು ಪರದೇಶದ ಒಂದು ಸುಂದರ ವಸ್ತು ಮಾತ್ರವಾಗುತ್ತಿತ್ತು. ಬ್ರಹ್ಮಪುರಿಯ ನೆಲದಲ್ಲಿ ದೊರೆತುದರಿಂದ ಅದು ದಖನ್ನಿಗೂ ರೋಮನ್ ಜಗತ್ತಿಗೂ ಇದ್ದ ವಾಣಿಜ್ಯ ಸಂಬಂಧದ ಸಾಕ್ಷಿಯಾಯಿತು.

ಕಾನೂನು ಮತ್ತು ನಾಗರಿಕರ ಕರ್ತವ್ಯ

ನೆಲೆಯ ದಾಖಲೆಗೆ ಕಾನೂನು ಸಹ ಮಹತ್ವ ನೀಡಿದೆ. 1878ರ ಭಾರತೀಯ ನಿಧಿ ಕಾಯಿದೆಯ ಮೇರೆಗೆ, ಭೂಮಿಯಲ್ಲಿ ಹುದುಗಿದ್ದ ಹತ್ತು ರೂಪಾಯಿಗೂ ಹೆಚ್ಚು ಬೆಲೆಯ ನಿಧಿಯು ದೊರೆತಲ್ಲಿ, ಅದರ ಸ್ವರೂಪ, ದೊರೆತ ಸ್ಥಳ ಮತ್ತು ದಿನಾಂಕಗಳನ್ನು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕು. ಕರ್ನಾಟಕದಲ್ಲಿ ಇದಕ್ಕಾಗಿ 1962ರ ರಾಜ್ಯ ಕಾಯಿದೆಯಿದೆ. 1972ರ ಪುರಾವಸ್ತು ಮತ್ತು ಕಲಾನಿಧಿಗಳ ಕಾಯಿದೆಯು ನೂರು ವರ್ಷಕ್ಕೆ ಕಡಮೆಯಿಲ್ಲದಷ್ಟು ಹಳೆಯದಾದ ಲೋಹಮೂರ್ತಿಗಳ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ಖಾಸಗಿ ವ್ಯಕ್ತಿಗಳು ಅವುಗಳನ್ನು ವಿದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿದೆ.

ದಾಖಲೆಯ ಪ್ರಯೋಜನಕ್ಕೆ ಒಂದು ನಿದರ್ಶನವನ್ನು ನೋಡಬಹುದು. ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದಿಂದ ಕಳುವಾಗಿ ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಸಂಗ್ರಹಾಲಯವನ್ನು ಸೇರಿದ್ದ ನಟರಾಜ ಮೂರ್ತಿಯು 2014ರಲ್ಲಿ ಭಾರತಕ್ಕೆ ಮರಳಿತು. ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಹಳೆಯ ಛಾಯಾಚಿತ್ರವು ಅದನ್ನು ಗುರುತಿಸಲು ನೆರವಾಯಿತು.

ಯಮುನೆಯ ಪೂರ್ವಕ್ಕಿರುವ ದೆಹಲಿಯ ಲಕ್ಷ್ಮೀ ನಗರದಂತಹ ಬಡಾವಣೆಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ದೇವರ ಕೋಣೆಯಲ್ಲಿಯೂ ಊರಿನಿಂದ ತಂದ ಹಳೆಯ ಮೂರ್ತಿಗಳಿರುವುದು ಸಂಭವ. ನೋಂದಣಿಯಿಂದ ಮನೆಯವರ ಒಡೆತನಕ್ಕಾಗಲಿ ಪೂಜೆಗಾಗಲಿ ಅಡ್ಡಿಯಾಗುವುದಿಲ್ಲ. ಮೂರ್ತಿಯ ಎಲ್ಲ ಬದಿಗಳ ಛಾಯಾಚಿತ್ರ ತೆಗೆದಿಡಬೇಕು. ಅದು ಯಾವ ಊರಿನದು, ಯಾರಿಂದ ಬಂದುದು, ಯಾವ ವರ್ಷ ದೆಹಲಿಗೆ ತರಲಾಯಿತು ಎಂಬುದನ್ನು ಬಲ್ಲ ಹಿರಿಯರಿಂದ ಕೇಳಿ ಬರೆದಿಡಬೇಕು. ಹುಣಿಸೆಹಣ್ಣಿನಿಂದಲೋ ಪುಡಿಯಿಂದಲೋ ಪದೇ ಪದೇ ಉಜ್ಜಿದರೆ ಪೀಠದ ಅಕ್ಷರಗಳು ಸವೆದುಹೋಗುತ್ತವೆಂಬುದು ನೆನಪಿರಲಿ. ಹಿರಿಯರ ನೆನಪಿನೊಡನೆ ಊರಿನ ಹೆಸರೂ ಅಳಿದುಹೋದರೆ ಮೂರ್ತಿಯು ಉಳಿದರೂ ಅದರ ಚರಿತ್ರೆಯು ಉಳಿಯಲಾರದು.